ನಾಲ್ಕು ಬ್ರಾಡ್ಲಿ, ಒಬ್ಬ ಲೆಫ್ಟಿನೆಂಟ್: ಯಾಂತ್ರೀಕೃತ ಪದಾತಿ ಪ್ಲಟೂನಿನ ನಾಯಕನ ಹೊರೆ ಮತ್ತು ತರಬೇತಿ

ಅಮೆರಿಕದ ಸೇನೆಯಲ್ಲಿ ಬ್ರಾಡ್ಲಿ ಪ್ಲಟೂನ್ ಎಂದರೆ ಸೈನಿಕರನ್ನು ಹೊತ್ತೊಯ್ಯುವ ‘ಬ್ರಾಡ್ಲಿ’ ಎಂಬ ನಾಲ್ಕು ಶಸ್ತ್ರಸಜ್ಜಿತ ವಾಹನ, ಸುಮಾರು ನಲವತ್ತು ಸೈನಿಕರು, ಅವರ ಮೇಲೆ ಒಬ್ಬ ಲೆಫ್ಟಿನೆಂಟ್. ಈ ಹುದ್ದೆಗೆ ಬರುವವರು ಸಾಮಾನ್ಯವಾಗಿ ಕಾಲೇಜು ಮುಗಿಸಿ ಒಂದೆರಡು ವರ್ಷ ಆಗಿರುವವರು. ಆತ ತನ್ನ ವಾಹನಕ್ಕೆ ಕಮಾಂಡರ್. ಜೋಡಿ ವಾಹನವೂ ಸೇರಿದರೆ ಎರಡು ವಾಹನದ ಸೆಕ್ಷನ್ನಿಗೆ ಮುಖ್ಯಸ್ಥ. ನಾಲ್ಕೂ ಸೇರಿದ ಪ್ಲಟೂನಿಗೆ ನಾಯಕ. ಸೈನಿಕರು ನೆಲಕ್ಕಿಳಿದರೆ ಅವರ ಜೊತೆ ನಡೆಯುವ ಪದಾತಿ ಅಧಿಕಾರಿಯೂ ಆತನೇ. ಒಂದಾದ ಮೇಲೊಂದು ಬಂದರೆ ಈ ನಾಲ್ಕು ಕೆಲಸಗಳನ್ನೂ ನಿಭಾಯಿಸಬಹುದಿತ್ತು. ಆದರೆ ನಾಲ್ಕೂ ಒಂದೇ ನಿಮಿಷದಲ್ಲಿ ಮೈಮೇಲೆ ಬರುತ್ತವೆ. ತರಬೇತಿಯ ಬಹುಪಾಲು ಹೋಗುವುದು ಮೊದಲನೆಯ ಕೆಲಸಕ್ಕೆ, ಅಂದರೆ ವಾಹನದ ಮೇಲೆ ತಿರುಗುವ ಫಿರಂಗಿ ಗೋಪುರವಾದ ಟರೆಟ್‌ನಲ್ಲಿ ಕೂತು ಗುರಿ ಹೊಡೆಯುವುದಕ್ಕೆ. ಅದಕ್ಕೆ ಅಂಕ ಕೊಡಬಹುದು, ಸೆಕೆಂಡ್ ಎಣಿಸಬಹುದು, ಪಾಸು ಫೇಲು ಬರೆಯಬಹುದು. ಸೈನಿಕರು ಇಳಿಯುವ ಹೊತ್ತಿನಲ್ಲಿ ವಾಹನಗಳ ಹೊಣೆ ಯಾರ ಕೈಗೆ ಹೋಯಿತು, ಇಳಿದವರ ಹೊಣೆ ಯಾರ ಕೈಗೆ ಬಂತು ಎನ್ನುವುದಕ್ಕೆ ಅಷ್ಟು ಸುಲಭದ ಅಂಕಪಟ್ಟಿ ಇಲ್ಲ. ಪ್ಲಟೂನ್‌ಗಳು ಎಡವುವುದು ಹೆಚ್ಚಾಗಿ ಅಲ್ಲೇ.

ಮೊದಲು ತಲೆಲೆಕ್ಕ ನೋಡೋಣ. 1981ರಲ್ಲಿ ಸೇವೆಗೆ ಬಂದ ಬ್ರಾಡ್ಲಿಯಲ್ಲಿ ಮೂವರು ಸಿಬ್ಬಂದಿ: ಕಮಾಂಡರ್, ಗನ್ನರ್, ಡ್ರೈವರ್. ಹಿಂಭಾಗದಲ್ಲಿ, ಮಾದರಿಗೆ ತಕ್ಕಂತೆ, ಆರು ಅಥವಾ ಏಳು ಸೈನಿಕರು. ನಾಲ್ಕು ವಾಹನಕ್ಕೆ 12 ಸಿಬ್ಬಂದಿ. ಇಳಿದು ಹೋರಾಡಲು ತಲಾ 9 ಜನರ ಮೂರು ಸ್ಕ್ವಾಡ್, ಒಟ್ಟು 27. ಇವರ ಜೊತೆಗೆ ವೈದ್ಯಕೀಯ ಸಹಾಯಕ, ಫಿರಂಗಿ ದಳದ ವೀಕ್ಷಕ, ವೀಕ್ಷಕನ ರೇಡಿಯೋ ನೋಡಿಕೊಳ್ಳುವವನು. ಏಳ್ನಾಲ್ಕಲಿ ಇಪ್ಪತ್ತೆಂಟು, ಕೂರಬೇಕಾದವರು ಮೂವತ್ತು. ಹೇಗೋ ಒತ್ತಿ ಕೂರಿಸಿದರೂ ಒಂಬತ್ತು ಜನರ ಸ್ಕ್ವಾಡ್ ಏಳು ಸೀಟಿನ ವಾಹನದಲ್ಲಿ ಹಿಡಿಸುವುದಿಲ್ಲ. ಇಬ್ಬರು ಪಕ್ಕದ ವಾಹನಕ್ಕೆ ಹೋಗಲೇಬೇಕು. ಆ ಇಬ್ಬರಿಗೆ ದಾರಿಯಲ್ಲಿ ತಮ್ಮ ಸ್ಕ್ವಾಡ್ ಲೀಡರ್ ಹೇಳಿದ್ದು ಯಾವುದೂ ಕೇಳಿಸಿರುವುದಿಲ್ಲ. ಇಳಿದ ಮೇಲೆ ಲೀಡರ್ ಮೊದಲು ಮಾಡಬೇಕಾದ್ದು ಶತ್ರುವನ್ನು ಹುಡುಕುವುದಲ್ಲ, ತನ್ನವರನ್ನು ಹುಡುಕುವುದು.

ಜನ ಕಡಿಮೆಯಾದಾಗ ಪೆಟ್ಟು ಬೀಳುವುದೂ ಹಿಂದೆ ಕೂತವರಿಗೇ. ರಜೆ, ಕಾಯಿಲೆ, ವರ್ಗಾವಣೆ ಎಲ್ಲ ಕಳೆದು ಪ್ಲಟೂನಿನಲ್ಲಿ 30 ಜನ ಉಳಿದರು ಅಂದುಕೊಳ್ಳಿ. ಡ್ರೈವರ್ ಇಲ್ಲದೆ ವಾಹನ ಹೊರಡುವುದಿಲ್ಲ, ಗನ್ನರ್ ಇಲ್ಲದೆ ಹೊರಟು ಪ್ರಯೋಜನವಿಲ್ಲ. ಹಾಗಾಗಿ ಮೊದಲು ತುಂಬುವುದು ಆ 12 ಜಾಗ. ನೆಲಕ್ಕಿಳಿಯಲು ಉಳಿಯುವವರು 18. ಕಾಗದದ ಮೇಲೆ ಮೂರು ಸ್ಕ್ವಾಡ್ ಇರುವ ಪ್ಲಟೂನಿನ ಕೈಯಲ್ಲಿ ನಿಜಕ್ಕೂ ಇರುವುದು ಎರಡು. ಯೋಜನೆ ಮಾಡುವಾಗ ಲೆಫ್ಟಿನೆಂಟ್ ಹಿಡಿಯಬೇಕಾದ ಸಂಖ್ಯೆ ಇದು.

ಇನ್ನು ಟರೆಟ್ ಒಳಗೆ. ಕಮಾಂಡರ್ ಕಿವಿಯಲ್ಲಿ ಪ್ಲಟೂನಿನ ಮೇಲಿನ ಘಟಕವಾದ ಕಂಪನಿಯ ರೇಡಿಯೋ ಜಾಲ, ಪ್ಲಟೂನಿನ ಜಾಲ, ತನ್ನ ವಾಹನದ ಇಂಟರ್‌ಕಾಮ್ ಮೂರೂ ಏಕಕಾಲಕ್ಕೆ. ಕಣ್ಣು ಹೊರಗೆ, ನಡುನಡುವೆ ನಕಾಶೆಯ ಮೇಲೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ನಿಮಿಷಕ್ಕೆ 500 ಮೀಟರ್ ಹೋಗುತ್ತದೆ. ನಕಾಶೆ ನೋಡಿ ತಲೆ ಎತ್ತುವಷ್ಟರಲ್ಲಿ ಮುಂದಿನ ದಿಬ್ಬ ಹಿಂದಿನ ದಿಬ್ಬವಾಗಿರುತ್ತದೆ. ಗುರಿ ಕಂಡರೆ ಆಜ್ಞೆಗೆ ಒಂದು ಕ್ರಮವಿದೆ: ಯಾರನ್ನು ಎಚ್ಚರಿಸುತ್ತಿದ್ದೇನೆ, ಯಾವ ಮದ್ದುಗುಂಡು, ಗುರಿ ಏನು, ಯಾವ ದಿಕ್ಕು, ಬೇಕಿದ್ದರೆ ದೂರ. ಗನ್ನರ್ ‘ಐಡೆಂಟಿಫೈಡ್’ ಅನ್ನುತ್ತಾನೆ, ಕಮಾಂಡರ್ ‘ಫೈರ್’ ಅನ್ನುತ್ತಾನೆ, ಗನ್ನರ್ ‘ಆನ್ ದ ವೇ’ ಎಂದು ಹೊಡೆಯುತ್ತಾನೆ. ಇಷ್ಟಕ್ಕೆ ಹಿಡಿಯುವುದು ಕೆಲವೇ ಸೆಕೆಂಡ್. ಆ ಸೆಕೆಂಡುಗಳಲ್ಲಿ ಉಳಿದ ಮೂರು ವಾಹನಗಳ ಮೇಲೆ ಯಾರ ಗಮನವೂ ಇರುವುದಿಲ್ಲ.

ಮದ್ದುಗುಂಡಿನ ಲೆಕ್ಕವೂ ಕಮಾಂಡರ್ ತಲೆಯಲ್ಲೇ ಇರಬೇಕು. 25 ಎಂಎಂ ಬುಷ್‌ಮಾಸ್ಟರ್ ಫಿರಂಗಿಗೆ ಸಿದ್ಧವಾಗಿರುವ ಗುಂಡು 300. ಒಂದು ಪೆಟ್ಟಿಗೆಯಲ್ಲಿ ಕವಚ ಭೇದಿಸುವ 70, ಇನ್ನೊಂದರಲ್ಲಿ ಸ್ಫೋಟಕದ 230. ನಿಮಿಷಕ್ಕೆ 200ರ ವೇಗದಲ್ಲಿ ಬಿಡದೆ ಹೊಡೆದರೆ ಆ 70 ಮುಗಿಯಲು 21 ಸೆಕೆಂಡ್ ಸಾಕು. ಅದಕ್ಕೇ ಚಿಕ್ಕ ಚಿಕ್ಕ ಸರಣಿಯಲ್ಲಿ ಹೊಡೆಯುವ ಅಭ್ಯಾಸ. ಟ್ಯಾಂಕ್ ನಿರೋಧಕ ಟೋ ಕ್ಷಿಪಣಿಯ ಕಥೆಯೇ ಬೇರೆ. 3,750 ಮೀಟರ್ ತಲುಪುವ ಈ ಕ್ಷಿಪಣಿಯ ತಂತಿ ಮಾದರಿಗಳಲ್ಲಿ ಹಿಂದೆ ತಂತಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಅದು ಮುಟ್ಟುವವರೆಗೆ, ಅಂದರೆ ಅತಿ ದೂರದ ಗುರಿಗೆ ಸುಮಾರು 20 ಸೆಕೆಂಡ್, ಗನ್ನರ್ ಗುರಿದರ್ಶಕದ ಗೆರೆಯನ್ನು ಗುರಿಯ ಮೇಲೇ ಇಟ್ಟಿರಬೇಕು, ವಾಹನ ಅಲುಗಬಾರದು. ಪ್ಲಟೂನ್ ನಾಯಕನ ವಾಹನವೇ ಟೋ ಹಾರಿಸಿದರೆ ಆತ ಅಷ್ಟು ಹೊತ್ತು ಕದಲುವಂತಿಲ್ಲ. ಆ ಹೊಡೆತವನ್ನು ಜೋಡಿ ವಾಹನಕ್ಕೆ ಬಿಟ್ಟು ತಾನು ಎಲ್ಲವನ್ನೂ ನೋಡುವುದು ಮೇಲು. ಆದರೆ ಶೂಟಿಂಗ್ ರೇಂಜಿನಲ್ಲಿ ಆತನಿಗೂ ಎಲ್ಲರಷ್ಟೇ ಗುರಿ ಹೊಡೆದು ಅಂಕ ಗಳಿಸಬೇಕು. ‘ನೀನು ಹೊಡಿ’ ಎಂದು ಇನ್ನೊಬ್ಬರಿಗೆ ಹೇಳುವುದನ್ನು ಆ ಪರೀಕ್ಷೆ ಕಲಿಸುವುದಿಲ್ಲ.

ಹೊರೆ ಎಲ್ಲಿ ಕೂರಬೇಕು ಎನ್ನುವುದು ವಾಹನದ ವಿನ್ಯಾಸದಲ್ಲೂ ನಿರ್ಧಾರವಾಗಿರುತ್ತದೆ. ಸೋವಿಯತ್ ಒಕ್ಕೂಟದ ಇಂಥದೇ ವಾಹನವಾದ ಬಿಎಂಪಿ-1ರಲ್ಲಿ ಕಮಾಂಡರ್ ಸೀಟು ಟರೆಟ್‌ನಲ್ಲಿರಲಿಲ್ಲ, ಮುಂದೆ ಡ್ರೈವರ್ ಬೆನ್ನ ಹಿಂದಿತ್ತು. ಟರೆಟ್‌ನಲ್ಲಿ ಗನ್ನರ್ ಒಬ್ಬನೇ. ಕಮಾಂಡರ್ ಹಿಂದಕ್ಕೆ ನೋಡಹೊರಟರೆ ಟರೆಟ್ಟೇ ಅಡ್ಡ. ಗನ್ನರ್ ನೋಡುವುದನ್ನು ಈತ ನೋಡಲಾರ. ಬಿಎಂಪಿ-2 ಬಂದಾಗ ಇಬ್ಬರು ಕೂರುವ ದೊಡ್ಡ ಟರೆಟ್ ಮಾಡಿ ಕಮಾಂಡರನ್ನು ಗನ್ನರ್ ಪಕ್ಕಕ್ಕೆ ತಂದರು. ಅದಕ್ಕೆ ತೆತ್ತ ಬೆಲೆ ಹಿಂದಿನ ಒಂದು ಸೀಟು: ಎಂಟು ಸೈನಿಕರ ಜಾಗದಲ್ಲಿ ಏಳು. ನಾಯಕನಿಗೆ ಕಾಣಿಸಬೇಕು ಎಂಬುದಕ್ಕಾಗಿ ಒಬ್ಬ ಸೈನಿಕನನ್ನು ಕೈಬಿಟ್ಟದ್ದು ಸರಿಯಾದ ವ್ಯಾಪಾರವೇ ಆಗಿತ್ತು.

ಈಗ ಇಳಿಯುವ ಗಳಿಗೆ. ಇದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಎಲ್ಲಿ ಇಳಿಸಬೇಕು ಎನ್ನುವುದಕ್ಕೆ ಮೂರು ಆಯ್ಕೆ: ಗುರಿ ತಲುಪುವ ಮುಂಚೆ, ಗುರಿಯ ಮೇಲೆಯೇ, ಅಥವಾ ಗುರಿಯನ್ನು ದಾಟಿದ ಮೇಲೆ. ಶತ್ರುವಿನ ಹತ್ತಿರ ಟ್ಯಾಂಕ್ ನಿರೋಧಕ ಅಸ್ತ್ರಗಳು ಹೆಚ್ಚಿದ್ದು ನೆಲ ಕಿರಿದಾಗಿದ್ದರೆ ಮುಂಚೆಯೇ ಇಳಿಸುವುದು. ಆಗ ವಾಹನ ಉಳಿಯುತ್ತದೆ, ಸೈನಿಕರು ದೂರ ನಡೆಯಬೇಕಾಗುತ್ತದೆ. ಬಯಲು, ತರಾತುರಿಯಲ್ಲಿ ತೋಡಿದ ಕಂದಕ, ದುರ್ಬಲ ರಕ್ಷಣೆ ಇದ್ದರೆ ಗುರಿಯ ಮೇಲೆಯೇ. ದಾಟಿ ಹೋಗಿ ಹಿಂದಿನಿಂದ ಬರುವುದು ಶತ್ರುವನ್ನು ಗಲಿಬಿಲಿ ಮಾಡುತ್ತದೆ, ಜೊತೆಗೆ ನಮ್ಮ ಗುಂಡು ನಮ್ಮವರ ಕಡೆಗೇ ಬರುವ ಅಪಾಯವನ್ನೂ ಹೆಚ್ಚಿಸುತ್ತದೆ. ಈ ತೀರ್ಮಾನ ಪ್ಲಟೂನ್ ನಾಯಕನದ್ದು, ಅದನ್ನು ಬೇರೆಯವರಿಗೆ ಬಿಟ್ಟುಕೊಡಲಾಗದು.

ಹಿಂದೆ ಕೂತವರಿಗೆ ಹೊರಗಿನದು ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಕಿರಿದಾದ ಗಾಜು, ಧೂಳು, ಎಂಜಿನ್ ಸದ್ದು, ನಾಲ್ಕಾರು ತಿರುವು. ಉತ್ತರ ಯಾವ ಕಡೆ ಎಂಬುದು ಮರೆತೇ ಹೋಗಿರುತ್ತದೆ. ರ‍್ಯಾಂಪ್ (ಹಿಂಬದಿಗೆ ತೆರೆದು ಬೀಳುವ ಬಾಗಿಲು) ಬೀಳುತ್ತಿದ್ದಂತೆ ಅವರು ಹೊರಬರುವುದು ಶತ್ರುವಿಗೆ ಬೆನ್ನು ಹಾಕಿ, ವಾಹನದ ಹಿಂಬದಿಗೆ. ಅದಕ್ಕೇ ದಿಕ್ಕು ಹೇಳಲು ವಾಹನದ ಮೂತಿಯನ್ನು ಗಡಿಯಾರದ ಹನ್ನೆರಡು ಗಂಟೆ ಎಂದು ಹಿಡಿಯುವ ಪದ್ಧತಿ. ಕಮಾಂಡರ್ ಸ್ಕ್ವಾಡ್ ಲೀಡರಿಗೆ ಹೇಳಬೇಕಾದ್ದು ಇಷ್ಟೇ: ‘ಶತ್ರು ಎರಡು ಗಂಟೆಗೆ, 300 ಮೀಟರ್. ಬಲಕ್ಕೆ ಇಳಿಯಿರಿ. ಮೊದಲ ಮರೆ ಒಣಹಳ್ಳ, 40 ಮೀಟರ್.’ ಶತ್ರು, ಬದಿ, ಮರೆ. ಈ ಮೂರರಲ್ಲಿ ಒಂದು ತಪ್ಪಿದರೂ ಸೈನಿಕರು ರ‍್ಯಾಂಪ್ ಬುಡದಲ್ಲೇ ಗುಂಪುಗೂಡಿ ನಿಲ್ಲುತ್ತಾರೆ. ಯಾವ ಮೆಷಿನ್ ಗನ್ನರನಿಗಾದರೂ ಅದಕ್ಕಿಂತ ಸುಲಭದ ಗುರಿ ಸಿಗದು.

ಇದೇ ಹೊತ್ತಿಗೆ ಲೆಫ್ಟಿನೆಂಟ್ ಕೂಡ ಇಳಿಯಬೇಕು. ಇಂಟರ್‌ಕಾಮ್ ಇರುವ ಸಿಬ್ಬಂದಿ ಹೆಲ್ಮೆಟ್ ತೆಗೆದ ತಕ್ಷಣ ಆತನಿಗೆ ಎಲ್ಲ ಜಾಲಗಳೂ ಕಿವುಡಾಗುತ್ತವೆ. ಪದಾತಿ ಹೆಲ್ಮೆಟ್ ಹಾಕಬೇಕು, ರೈಫಲ್ ಎತ್ತಿಕೊಳ್ಳಬೇಕು, ನಕಾಶೆ ತೆಗೆದುಕೊಳ್ಳಬೇಕು. ಟರೆಟ್ ಯಾವ ಕಡೆ ತಿರುಗಿದೆ ಎಂಬುದರ ಮೇಲೆ ಒಳಗಿನಿಂದ ಹಿಂದಕ್ಕೆ ದಾಟುವ ದಾರಿ ತೆರೆದಿರುತ್ತದೆ ಅಥವಾ ಮುಚ್ಚಿರುತ್ತದೆ; ಮುಚ್ಚಿದ್ದರೆ ಮೇಲಿನ ಹ್ಯಾಚ್‌ನಿಂದ ಹತ್ತಿ ಹೊರಗಿನಿಂದ ಧುಮುಕಬೇಕು, ಗುಂಡು ಹಾರುತ್ತಿರುವಾಗ. ಕೆಳಗೆ ರೇಡಿಯೋ ಹೊತ್ತವನನ್ನು ಹುಡುಕಿ ಮತ್ತೆ ಜಾಲಕ್ಕೆ ಬರುವವರೆಗೆ ಪ್ಲಟೂನಿಗೆ ನಾಯಕನಿಲ್ಲ. ಅರ್ಧ ನಿಮಿಷ ಇರಬಹುದು, ಎರಡು ನಿಮಿಷವೂ ಆಗಬಹುದು. ಆ ಖಾಲಿ ಹೊತ್ತಿನಲ್ಲಿ ನಾಲ್ಕು ಫಿರಂಗಿಗಳಿಗೆ ಅಪ್ಪಣೆ ಕೊಡುವವರು ಯಾರು?

ನಿಯಮದ ಉತ್ತರ ಸ್ಪಷ್ಟ: ನಾಯಕ ಇಳಿದರೆ ವಾಹನಗಳ ಹೊಣೆ ಪ್ಲಟೂನ್ ಸಾರ್ಜೆಂಟಿಗೆ. ನಾಯಕನ ಸ್ವಂತ ವಾಹನವನ್ನು ನೋಡಿಕೊಳ್ಳುವುದು ಅವನ ಗನ್ನರ್. ತೊಂದರೆ ಬರುವುದು ಆ ಹಸ್ತಾಂತರವನ್ನು ಬಾಯಿಬಿಟ್ಟು ಹೇಳದೇ ಹೋದಾಗ. ಸಾರ್ಜೆಂಟ್ ‘ಲೆಫ್ಟಿನೆಂಟ್ ಇನ್ನೂ ಮೇಲಿದ್ದಾರೆ’ ಅಂದುಕೊಳ್ಳುತ್ತಾನೆ, ಲೆಫ್ಟಿನೆಂಟ್ ‘ಸಾರ್ಜೆಂಟ್ ವಹಿಸಿಕೊಂಡಿರುತ್ತಾನೆ’ ಅಂದುಕೊಳ್ಳುತ್ತಾನೆ. ಕಂಪನಿ ಕಮಾಂಡರ್ ಕರೆದರೆ ಇಬ್ಬರೂ ಉತ್ತರಿಸುವುದಿಲ್ಲ, ಇಲ್ಲವೇ ಇಬ್ಬರೂ ಉತ್ತರಿಸುತ್ತಾರೆ.

ಕೆಲಸ ಮಾಡುವ ಕ್ರಮ ಹೀಗಿದೆ. ಇಳಿಯುವ ಜಾಗಕ್ಕೆ ಐದು ನಿಮಿಷ ಇರುವಾಗಲೇ ನಾಯಕ ಎಚ್ಚರಿಕೆ ಕೊಡುತ್ತಾನೆ. ಸ್ಕ್ವಾಡ್ ಲೀಡರ್‌ಗಳು ತಮ್ಮವರ ಬೆಲ್ಟು, ಚೀಲ, ಮದ್ದುಗುಂಡು ನೋಡಿಕೊಳ್ಳುತ್ತಾರೆ. ಒಂದು ನಿಮಿಷ ಇರುವಾಗ ಕಂಪನಿ ಜಾಲವನ್ನು ಸಾರ್ಜೆಂಟಿಗೆ ಒಪ್ಪಿಸುತ್ತಾನೆ, ಸಾರ್ಜೆಂಟ್ ‘ಒಪ್ಪಿಕೊಂಡೆ’ ಎಂದು ಮರುಮಾತು ಕೊಡುತ್ತಾನೆ. ವಾಹನ ಪೂರ್ತಿ ನಿಂತು ಫಿರಂಗಿ ಶತ್ರುವಿನ ಕಡೆ ತಿರುಗುವವರೆಗೆ ರ‍್ಯಾಂಪ್ ಇಳಿಸಬಾರದು. ಅದರ ಗುಂಡಿ ಡ್ರೈವರ್ ಹತ್ತಿರ ಇರುವುದರಿಂದ ಈ ಶಿಸ್ತು ಡ್ರೈವರಿಗೂ ಕಲಿಸಿರಬೇಕು. ನಾಯಕ ಟರೆಟ್ ಬಿಡುವಾಗ ಗನ್ನರ್ ಪ್ಲಟೂನ್ ಜಾಲದಲ್ಲಿ ತನ್ನ ಹೆಸರಿನಲ್ಲಿ ಮಾತಾಡಬೇಕು. ನೆಲದ ಮೇಲಿನ ಮೊದಲ ಮಾತು ರೇಡಿಯೋ ತಪಾಸಣೆ. ಉತ್ತರ ಬರದಿದ್ದರೆ ಮುಂದೆ ಹೆಜ್ಜೆ ಇಡದೆ ಕೈಸನ್ನೆಗೋ, ಹತ್ತಿರದ ವಾಹನದ ರೇಡಿಯೋಕ್ಕೋ ಮೊರೆಹೋಗಬೇಕು. ಉತ್ತರ ಬಾರದಿರುವುದಕ್ಕೆ ಕಾರಣ ಬಹಳ ಸಲ ತೀರಾ ಸಣ್ಣದು: ಬೆನ್ನಿನ ರೇಡಿಯೋದ ಬ್ಯಾಟರಿ ಮುಗಿದಿರುತ್ತದೆ, ಅಥವಾ ರಾತ್ರಿ ಬದಲಾದ ಫ್ರೀಕ್ವೆನ್ಸಿಯನ್ನು ವಾಹನದಲ್ಲಿ ಹಾಕಿ ಬೆನ್ನಿನದಕ್ಕೆ ಹಾಕಿರುವುದಿಲ್ಲ.

ನೆಲದ ಮೇಲಿನವರಿಗೂ ಫಿರಂಗಿಗೂ ನಡುವಿನ ಒಂದು ಅಪಾಯವನ್ನು ಪ್ರತ್ಯೇಕವಾಗಿ ಕಲಿಸಬೇಕು. ಕವಚ ಭೇದಿಸುವ 25 ಎಂಎಂ ಗುಂಡಿನ ಸುತ್ತ ಇರುವ ಹೊದಿಕೆ ಬಾಯಿ ದಾಟಿದೊಡನೆ ಚೂರಾಗಿ ಚೆಲ್ಲುತ್ತದೆ. ಆ ಚೂರು ಕನಿಷ್ಠ 100 ಮೀಟರ್‌ವರೆಗೆ ಮುಂದಿನವರನ್ನು ಗಾಯಗೊಳಿಸಬಲ್ಲದು. ಸ್ಫೋಟಕ ಗುಂಡಿಗೆ ಈ ಹೊದಿಕೆ ಇಲ್ಲ. ಹಾಗಾಗಿ ಸೈನಿಕರು ವಾಹನದ ಮುಂದಕ್ಕೆ ಸಾಗಿದ ಮೇಲೆ ಯಾವ ಗುಂಡು ಎಂಬ ಆಯ್ಕೆಯೂ ಬದಲಾಗುತ್ತದೆ, ಅದನ್ನು ನೆನಪಿಡಬೇಕಾದವನು ಈಗಷ್ಟೇ ಕಮಾಂಡರ್ ಆದ ಗನ್ನರ್. 1991ರ ಕೊಲ್ಲಿ ಯುದ್ಧದಲ್ಲಿ 35 ಅಮೆರಿಕನ್ ಸೈನಿಕರು ಸ್ವಪಕ್ಷದ ಹೊಡೆತಕ್ಕೇ ಸತ್ತರು. ಹಾನಿಗೊಂಡ ಬ್ರಾಡ್ಲಿಗಳಲ್ಲೂ ಬಹುಪಾಲು ಹಾಗೆಯೇ ಆದವು. ಗುರಿ ಹೊಡೆಯುವ ಕೌಶಲ ಅಲ್ಲಿ ಕಡಿಮೆಯಿರಲಿಲ್ಲ. ಎದುರಿಗಿರುವುದು ಯಾರು, ನಮ್ಮವರು ಈಗ ಎಲ್ಲಿದ್ದಾರೆ ಎಂಬ ಅರಿವು ಕತ್ತಲಲ್ಲಿ, ಮರಳಿನಲ್ಲಿ ಕಳೆದುಹೋಗಿತ್ತು.

ಮತ್ತೆ ಹತ್ತುವುದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ, ಅಭ್ಯಾಸ ‘ಗುರಿ ಗೆದ್ದಾಯಿತು’ ಎನ್ನುವಲ್ಲಿಗೆ ಮುಗಿಯುತ್ತದೆ. ಆದರೆ ಒಡೆದು ಕೂತಿದ್ದ ಸ್ಕ್ವಾಡಿನವರು ಅವಸರದಲ್ಲಿ ಹತ್ತಿರದ ವಾಹನ ಹತ್ತಿಬಿಟ್ಟರೆ ಮುಂದಿನ ಸಲ ಇಳಿಯುವಾಗ ಇಡೀ ಹಂಚಿಕೆ ಕಲಸುಮೇಲೋಗರ. ತಲೆ ಎಣಿಸಿ, ಎಣಿಕೆ ಜಾಲದಲ್ಲಿ ಹೇಳಿ, ಆಮೇಲೆ ರ‍್ಯಾಂಪ್ ಎತ್ತುವುದು.

ಹೊರೆ ಇಳಿಸುವ ದಾರಿ ಏನು? ನಾಯಕನನ್ನು ಇನ್ನಷ್ಟು ಚುರುಕಾಗಿಸುವುದಕ್ಕಿಂತ ಸುತ್ತಲಿನವರನ್ನು ಬೆಳೆಸುವುದು ಲಾಭದ್ದು. ಇದಕ್ಕೊಂದು ಅಗ್ಗದ ಪರೀಕ್ಷೆ ಇದೆ. ಅಭ್ಯಾಸದ ಹತ್ತು ನಿಮಿಷದಲ್ಲಿ ನಾಯಕ ಆಡಿದ ಪ್ರತಿ ಮಾತನ್ನೂ ಒಬ್ಬರು ಬರೆದುಕೊಳ್ಳಲಿ. ಆಮೇಲೆ ಒಂದೊಂದರ ಮುಂದೆ ಗುರುತು ಹಾಕಿ: ಇದು ಆತನೇ ಹೇಳಬೇಕಾದ್ದೋ, ಇನ್ನೊಬ್ಬರಿಗೆ ತಿಳಿದಿದ್ದರೆ ಹೇಳಬೇಕಾಗಿಯೇ ಇರಲಿಲ್ಲವೋ? ‘ಸ್ವಲ್ಪ ಎಡಕ್ಕೆ’, ‘ನಿಧಾನ’, ‘ಆ ಹಳ್ಳ ತಪ್ಪಿಸು’ ಇವೆಲ್ಲ ಡ್ರೈವರಿಗೆ ಹೇಳಿದ ಮಾತುಗಳು. ಮುಂದಿನ ಮರೆ ಯಾವುದು, ದಿಬ್ಬದ ಮೇಲೆ ನೆತ್ತಿ ಕಾಣದಂತೆ ಹೇಗೆ ನಿಲ್ಲಿಸುವುದು ಎಂದು ಡ್ರೈವರಿಗೆ ನೆಲ ಓದಲು ಕಲಿಸಿದರೆ ಆ ಮಾತುಗಳೆಲ್ಲ ಉದುರಿಹೋಗುತ್ತವೆ. ಗನ್ನರ್ ತನ್ನ ಪಾಲಿನ ವಲಯವನ್ನು ಹೇಳಿಸಿಕೊಳ್ಳದೆ ಹುಡುಕುತ್ತಿರಬೇಕು. ಪ್ಲಟೂನ್ ಸಾರ್ಜೆಂಟ್ ಕಂಪನಿ ಜಾಲವನ್ನು ಮೊದಲಿಂದಲೇ ಕೇಳುತ್ತಿರಬೇಕು. ಆಗ ಹಸ್ತಾಂತರಕ್ಕೆ ವಿವರಣೆ ಬೇಕಾಗುವುದಿಲ್ಲ. ಸ್ಥಳ, ಇಂಧನ, ಮದ್ದುಗುಂಡಿನ ವರದಿಯನ್ನು ಕಂಪನಿಗೆ ಕೊಡುವುದು ಆತನದೇ ಕೆಲಸ ಎಂದು ಕಾಯಂ ಮಾಡಿದರೂ ಒಳ್ಳೆಯದೇ.

ತರಬೇತಿಯ ಮೆಟ್ಟಿಲುಗಳಲ್ಲೇ ಒಂದು ಬಿರುಕಿದೆ. ಗುಂಡು ಹೊಡೆಯುವ ತರಬೇತಿಯ ಹಂತಗಳಾದ ಗನರಿ ಟೇಬಲ್‌ಗಳ ಈಗಿನ ಕ್ರಮದಲ್ಲಿ 1ರಿಂದ 6 ಒಂದು ವಾಹನದ ಸಿಬ್ಬಂದಿಗೆ, 7ರಿಂದ 9 ಸೆಕ್ಷನ್ನಿಗೆ, 10ರಿಂದ 12 ಇಡೀ ಪ್ಲಟೂನಿಗೆ. ಆರನೆಯದು ಸಿಬ್ಬಂದಿಯ ಅರ್ಹತಾ ಪರೀಕ್ಷೆ, ಹನ್ನೆರಡನೆಯದು ಪ್ಲಟೂನಿನದು. ಕಮಾಂಡರ್ ಮತ್ತು ಗನ್ನರ್ ಜೋಡಿಯಾಗಿ ಅರ್ಹತೆ ಪಡೆಯುತ್ತಾರೆ. ಒಬ್ಬನಿಗೆ ವರ್ಗವಾದರೆ ಜೋಡಿ ಮುರಿದು ಮತ್ತೆ ಮೊದಲಿಂದ. ಇದರ ಪರಿಣಾಮವಾಗಿ ವರ್ಷದ ಬಹಳ ಸಮಯ ಆರನೇ ಟೇಬಲ್ ಸುತ್ತಲೇ ಕರಗುತ್ತದೆ. ಸಿಮ್ಯುಲೇಟರ್ ವಿಷಯದಲ್ಲೂ ಹೀಗೆ. 1980ರ ದಶಕದಿಂದ ಬಳಕೆಯಲ್ಲಿದ್ದ ಕಾಫ್ಟ್ ಎಂಬ ಗುರಿ ಅಭ್ಯಾಸದ ಯಂತ್ರದಲ್ಲಿ ಕಮಾಂಡರಿಗೂ ಗನ್ನರಿಗೂ ಸೀಟು ಇತ್ತು, ಡ್ರೈವರಿಗೆ ಇರಲಿಲ್ಲ. ವಾಹನವನ್ನು ‘ಓಡಿಸುತ್ತಿದ್ದುದು’ ಯಂತ್ರ ನಡೆಸುವ ಬೋಧಕ. ಅಲ್ಲಿ ಎಷ್ಟು ಗಂಟೆ ಕೂತರೂ ಕಮಾಂಡರ್–ಡ್ರೈವರ್ ನಡುವಿನ ಹೊಂದಾಣಿಕೆ ಒಂದಿನಿತೂ ಬೆಳೆಯುತ್ತಿರಲಿಲ್ಲ. ಹಿಂದಿನ ಸೈನಿಕರಂತೂ ಆ ಕೋಣೆಗೇ ಬರುತ್ತಿರಲಿಲ್ಲ.

ಇದನ್ನು ತುಂಬಿಕೊಳ್ಳಲು ದುಬಾರಿ ಉಪಕರಣ ಬೇಡ. ಮೈದಾನದಲ್ಲಿ ಹಗ್ಗ ಹಾಸಿ ನಾಲ್ಕು ಆಯತ ಮಾಡಿ. ಡ್ರೈವರ್, ಗನ್ನರ್, ಕಮಾಂಡರ್, ಹಿಂದಿನವರು ತಮ್ಮ ತಮ್ಮ ಜಾಗದಲ್ಲಿ ನಿಂತು ಆಯತವನ್ನೇ ಹೊತ್ತು ನಡೆಯಲಿ. ಪ್ರತಿ ರೇಡಿಯೋ ಮಾತನ್ನೂ ಬಾಯಲ್ಲೇ ಆಡಲಿ, ಇಳಿಯುವ ಕರೆ ಬಂದಾಗ ಹಗ್ಗದ ಹಿಂಬದಿಯಿಂದ ಹೊರಬರಲಿ. ಅದು ಸಲೀಸಾದ ಮೇಲೆ ನಿಂತ ವಾಹನದಲ್ಲಿ, ಆಮೇಲೆ ಓಡುವ ವಾಹನದಲ್ಲಿ ಗುಂಡಿಲ್ಲದೆ, ನಂತರ ಗುಂಡಿನ ಬದಲು ಬೆಳಕು ಹಾರಿಸುವ ಲೇಸರ್ ಉಪಕರಣ ಕಟ್ಟಿಕೊಂಡು, ಕಟ್ಟಕಡೆಗೆ ನಿಜ ಗುಂಡಿನಲ್ಲಿ. ಪ್ರತಿ ಹಂತದಲ್ಲೂ ಒಂದು ಬಾರಿ ಲೆಫ್ಟಿನೆಂಟನ್ನು ‘ಸತ್ತ’ ಎಂದು ಘೋಷಿಸಿ ಪಕ್ಕಕ್ಕೆ ಕೂರಿಸಬೇಕು. ಉಳಿದವರಿಗೆ ಎಷ್ಟು ಗೊತ್ತಿದೆ ಎಂಬುದು ಆಗ ಬಯಲಾಗುತ್ತದೆ. ಕ್ಯಾಲಿಫೋರ್ನಿಯಾದ ಫೋರ್ಟ್ ಇರ್ವಿನ್‌ನಲ್ಲಿರುವ ರಾಷ್ಟ್ರೀಯ ತರಬೇತಿ ಕೇಂದ್ರ 1980ರ ದಶಕದಲ್ಲಿ ತಂದ ದೊಡ್ಡ ಬದಲಾವಣೆ ಲೇಸರ್ ಅಷ್ಟೇ ಅಲ್ಲ. ಅಭ್ಯಾಸ ಮುಗಿದ ಕೂಡಲೇ ಎಲ್ಲ ದರ್ಜೆಯವರೂ ಕೂತು ಏನಾಯಿತು, ಯಾಕಾಯಿತು ಎಂದು ಮಾತಾಡುವ ಪರಿಪಾಠ. ಲೆಫ್ಟಿನೆಂಟ್ ಎದುರಿಗೇ ಡ್ರೈವರ್ ‘ನನಗೆ ಆ ಆಜ್ಞೆ ಕೇಳಿಸಲೇ ಇಲ್ಲ’ ಎನ್ನಬಲ್ಲ.

ಯೋಜನೆಯ ಸಮಯಕ್ಕೆ ಹಳೆಯ ನಿಯಮವೇ ಸಾಕು: ಸಿಕ್ಕ ಹೊತ್ತಿನಲ್ಲಿ ಮೂರನೇ ಒಂದು ಭಾಗ ನಾಯಕನಿಗೆ, ಉಳಿದದ್ದು ಕೆಳಗಿನವರಿಗೆ. ಆರು ಗಂಟೆ ಇದ್ದರೆ ಎರಡು ಗಂಟೆಯೊಳಗೆ ಆದೇಶ ಹೊರಬೀಳಬೇಕು. ಅಂದವಾದ ಆದೇಶ ಬರೆಯಲು ನಾಲ್ಕು ಗಂಟೆ ಕೂತ ಲೆಫ್ಟಿನೆಂಟ್ ಸ್ಕ್ವಾಡ್‌ಗಳ ಪೂರ್ವಾಭ್ಯಾಸದ ಸಮಯವನ್ನು ತಿಂದಿರುತ್ತಾನೆ.

ನಿದ್ದೆಯನ್ನೂ ಯೋಜನೆಯಲ್ಲಿ ಬರೆಯಬೇಕು. ನಿದ್ದೆಯಿಲ್ಲದ ಪ್ರತಿ 24 ಗಂಟೆಗೆ ಬುದ್ಧಿಯ ಕೆಲಸ ಸುಮಾರು ಕಾಲುಭಾಗ ಕುಗ್ಗುತ್ತದೆ ಎಂದು ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯವರು ಹೇಳಿದ್ದಾರೆ. ಅಂಥ ಸ್ಥಿತಿಯಲ್ಲಿ ಗನ್ನರ್ ಇನ್ನೂ ಗುರಿ ಹೊಡೆಯುತ್ತಾನೆ. ಯಾವ ಗುರಿ ಹೊಡೆಯಬೇಕು ಎಂದು ತೀರ್ಮಾನಿಸುವವನೇ ಮೊದಲು ಕೆಡುವುದು. ಡ್ರೈವರಿಗೆ ಮಲಗಲು ಕಡ್ಡಾಯ ಮಾಡುವ ಪ್ಲಟೂನ್, ತನ್ನ ನಾಯಕನಿಗೆ ಹಾಗೆ ಮಾಡುವುದಿಲ್ಲ, ಅದು ತಲೆಕೆಳಗು.

ಬ್ರಾಡ್ಲಿಯ ಎಂ2ಎ3 ಮಾದರಿಯಲ್ಲಿ ಕಮಾಂಡರಿಗೆ ಪ್ರತ್ಯೇಕವಾಗಿ ತಿರುಗುವ ಥರ್ಮಲ್ ದೃಶ್ಯಕ ಬಂತು, ಹಿಂದೆ ಕೂತ ಸ್ಕ್ವಾಡ್ ಲೀಡರಿಗೂ ಒಂದು ಪರದೆ ಬಂತು. ಎರಡನೆಯದು ನಿಜವಾಗಿ ಹೊರೆ ಇಳಿಸಿತು: ಹೊರಗೇನಿದೆ ಎಂದು ಬಾಯಲ್ಲಿ ವರ್ಣಿಸುವ ಕೆಲಸ ತಗ್ಗಿತು. ಆದರೆ ನಕಾಶೆಯ ಮೇಲೆ ಸಂದೇಶಗಳು ಬಂದು ಬೀಳುವ ಡಿಜಿಟಲ್ ಪರದೆ ಎರಡಲಗಿನ ಕತ್ತಿ. ಅದನ್ನು ನೋಡುತ್ತಾ ತಲೆ ತಗ್ಗಿಸಿ ಕೂತವನಿಗೆ ಹೊರಗಿನ ಧೂಳು ಕಾಣುವುದಿಲ್ಲ. ವಾಹನ ಓಡುತ್ತಿರುವಾಗ ಸಂದೇಶ ಟೈಪ್ ಮಾಡಬಾರದು ಎಂಬಷ್ಟು ಸರಳ ಕಟ್ಟಳೆ ಹಾಕಿಕೊಂಡರೂ ಬಹಳಷ್ಟು ತಿಳಿಯಾಗುತ್ತದೆ.

ನಮ್ಮ ಸೇನೆಯ ಚಿತ್ರ ಸ್ವಲ್ಪ ಬೇರೆ. ಮೆಕನೈಸ್ಡ್ ಇನ್‌ಫೆಂಟ್ರಿ ರೆಜಿಮೆಂಟ್ 1979ರಲ್ಲಿ ರೂಪುಗೊಂಡಿತು. ಅದರ ಹಿಂದಿನ ಪ್ರೇರಣೆ ಜನರಲ್ ಕೆ. ಸುಂದರ್‌ಜಿ, ಕೇಂದ್ರ ಅಹಮದ್‌ನಗರ, ಅಂದರೆ ಈಗಿನ ಅಹಿಲ್ಯಾನಗರ. ವಾಹನ ಬಿಎಂಪಿ-2, ಮೆದಕ್‌ನ ಆರ್ಡ್‌ನೆನ್ಸ್ ಕಾರ್ಖಾನೆಯಲ್ಲಿ ತಯಾರಾದಾಗ ಅದರ ಹೆಸರು ಸಾರಥ್. ನಮ್ಮ ಪದಾತಿ ಪ್ಲಟೂನ್‌ಗಳ ಮೇಲಿರುವವರು ಹೆಚ್ಚಾಗಿ ಜೆಸಿಓಗಳು (ಜೂನಿಯರ್ ಕಮಿಷನ್ಡ್ ಆಫೀಸರ್), ಸಿಪಾಯಿಯಾಗಿ ಸೇರಿ ದಶಕಕ್ಕೂ ಮೀರಿ ದುಡಿದ ನಾಯಬ್ ಸುಬೇದಾರರು. ಅನುಭವದ ಕೊರತೆ ಅಲ್ಲಿಲ್ಲ. ಆದರೆ ಟರೆಟ್‌ನ ಗಣಿತ ಅದೇ. ಬಲಗಡೆ ಕಮಾಂಡರ್, ಎಡಗಡೆ ಗನ್ನರ್. ಸೆಕ್ಷನ್ ಕಮಾಂಡರ್ (ನಮ್ಮಲ್ಲಿ ಸೆಕ್ಷನ್ ಎಂದರೆ ಒಂದು ವಾಹನದ ತಂಡ) ಇಳಿದನೆಂದರೆ 30 ಎಂಎಂ ಫಿರಂಗಿ, ಅದರ 500 ಗುಂಡು, ಕ್ಷಿಪಣಿ, ರೇಡಿಯೋ, ಡ್ರೈವರಿಗೆ ದಾರಿ ಹೇಳುವುದು ಎಲ್ಲವೂ ಒಬ್ಬ ಗನ್ನರ್ ಪಾಲಿಗೆ. ಹಿಂದಿನ ಬಾಗಿಲುಗಳ ಒಳಗೇ ಡೀಸೆಲ್ ಟ್ಯಾಂಕ್ ಇರುವುದರಿಂದ ಬಾಗಿಲು ತೆರೆದು ನಿಂತಿರುವ ಹೊತ್ತನ್ನು ಆದಷ್ಟು ಕಡಿಮೆ ಮಾಡುವುದೂ ಅವನೇ ನೋಡಿಕೊಳ್ಳಬೇಕು. ಹೀಗಾಗಿ ಬಿಎಂಪಿ ಗನ್ನರನ ಅಭ್ಯಾಸದ ಅರ್ಧವಾದರೂ ಪಕ್ಕದ ಸೀಟು ಖಾಲಿ ಇಟ್ಟು, ರೇಡಿಯೋ ಅವನ ಕೈಗೇ ಕೊಟ್ಟು ನಡೆಯಬೇಕು.